ನೆಲಮಾಳಿಗೆಯೊಳಗಿನ ನುಚ್ಚು

ಗೊಂಬೆ ಸುಮ್ಮನೆ ನಿಂತಿತ್ತು. ಯಾರೂ ಹೊಡೆದಿರಲಿಲ್ಲ, ಯಾವ ದೆವ್ವವೂ ಹತ್ತಿರ ಸುಳಿದಿರಲಿಲ್ಲ. ಆದರೂ ಕಂಪ್ಯೂಟರ್ ಪರದೆಯ ಮೂಲೆಯಲ್ಲಿದ್ದ ಅದರ ಅಂಕಿ ತೂತುಬಿದ್ದ ಕೊಡದ ನೀರಿನ ಹಾಗೆ ಇಳಿಯುತ್ತಲೇ ಇತ್ತು. ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಚನ್ನಬಸವ್ವನಿಗೆ ಇದು ಸೋಜಿಗವೆನಿಸಿತು.

“ಯಾರೂ ಏನೂ ಮಾಡವಲ್ಲರು. ಅದ್ಯಾಕ ಇಳಿಯಾಕತ್ತದ?”

“ಅದು ಜೀವರೀ ಅತ್ತಿ. ನಿಂತ್ರೂ ಇಳೀತದ, ನಡದ್ರೂ ಇಳೀತದ. ದೆವ್ವ ಮುಟ್ಟಿದ್ರ ಒಮ್ಮೆಲೆ ಇಳೀತದ,” ಎಂದಳು ರಂಜನಾ, ಕಣ್ಣು ಕೀಳದೆ.

“ಮತ್ತ ಏರೂದು?”

“ಉಂಡ್ರ ಏರ್ತದ. ಮತ್ತ್ಯಾವುದರಿಂದಾನೂ ಏರೂದಿಲ್ಲ.”

ಇಷ್ಟು ಹೇಳಿದವಳು ಅತ್ತೆ ತಂದು ಮುಂದಿಟ್ಟ ಗಂಜಿಯನ್ನು ಮಾತ್ರ ಕೈಯಿಂದ ಆಚೆ ಸರಿಸಿದಳು.

ರಂಜನಾ ಚನ್ನಬಸವ್ವನ ತಮ್ಮ ಈರಬಸಪ್ಪನ ಮಗಳು, ಮರಾಠಿ ಸೀಮೆಯ ಶಿವಾಜಿನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಓದುವಾಕೆ. ವಿಷಮಜ್ವರ ಬಂದು ಹೋಗಿತ್ತು. ಹೋಗುವಾಗ ಬಾಯಿರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಏನು ಕೊಟ್ಟರೂ ಮಣ್ಣು ತಿಂದಹಾಗೆ ಆಗುತ್ತದೆ ಎನ್ನುತ್ತಿದ್ದಳು. ಕೈಯ ಬಳೆ ಮೊಣಕೈವರೆಗೂ ಜಾರುತ್ತಿತ್ತು. ಸೋಮವಾರದೊಳಗೆ ಉಣ್ಣಲು ಹತ್ತದಿದ್ದರೆ ದವಾಖಾನೆಗೆ ಸೇರಿಸಿ ಸಲೈನ್ ಹಚ್ಚುವುದೇ ಎಂದು ಕೋಥರೂಡದ ಡಾಕ್ಟರು ಹೇಳಿಬಿಟ್ಟಿದ್ದರು. ಶಾಲೆ ಶುರುವಾಗುವ ಜೂನ್ ತಿಂಗಳು. ಸದಾಶಿವ ಪೇಠದಲ್ಲಿ ಪಾಟಿ ಪುಸ್ತಕದ ಅಂಗಡಿ ಇಟ್ಟಿದ್ದ ಈರಬಸಪ್ಪನಾಗಲಿ ಅವನ ಹೆಂಡತಿ ಪ್ರೇಮಾವತಿಯಾಗಲಿ ಗಲ್ಲಾಪೆಟ್ಟಿಗೆ ಬಿಟ್ಟು ಕದಲುವಂತಿರಲಿಲ್ಲ. ಹಾಗೆಂದೇ ಇಂಡಿ ಊರಿನಿಂದ ಅಕ್ಕನನ್ನು ಕರೆಸಿಕೊಂಡಿದ್ದರು.

ಅಕ್ಕ ಬಂದವಳು ಮಾಡದ ಅಡುಗೆಯಿಲ್ಲ. ಮೆಂತ್ಯದ ಗಂಜಿ, ಹೆಸರುಬೇಳೆ ಕಟ್ಟು, ಮೆತ್ತಗಿನ ಹುಗ್ಗಿ. ಎಲ್ಲವೂ ಮೇಜಿನ ತನಕ ಹೋಗಿ, ಕೆನೆ ಕಟ್ಟಿ, ಹಿಂದಿರುಗಿ ಬರುತ್ತಿದ್ದವು. ಗದರಿಸಿದರೆ ಹುಡುಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಬೀಜ ಮೊಳೆಯಲಿಲ್ಲವೆಂದು ನೆಲವನ್ನು ಬಡಿದರೆ ಏನು ಬಂತು? ಬೆಳಗಿನ ಲಿಂಗಪೂಜೆಯ ಹೊತ್ತಿಗೆ ಚನ್ನಬಸವ್ವ ತನ್ನ ಅಂಗೈಯಲ್ಲಿದ್ದ ದೇವರನ್ನೇ ಕೇಳಿದಳು. ದೇವರು ಏನು ಹೇಳಿದನೋ, ಆವತ್ತು ಬಟ್ಟಲಿಲ್ಲದೆ ಬರಿಗೈಯಲ್ಲಿ ಹೋಗಿ ಹುಡುಗಿಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು.

ತಾನೂ ಆಡಬಹುದೇ ಎಂದು ಕೇಳಿದಾಗ ರಂಜನಾ ಮೊದಲು ನಂಬಲಿಲ್ಲ. ಆಮೇಲೆ ಎರಡನೆಯ ಗೊಂಬೆಯನ್ನು ಇಳಿಸಿದಳು. ಅತ್ತೆಗೆ ಯಾವ ಗುಂಡಿ ಒತ್ತಬೇಕೆಂದು ನೆನಪಿರುತ್ತಿರಲಿಲ್ಲ. ಹಾಗಾಗಿ ಆಕೆ ವಿಭೂತಿಯ ಬೆರಳನ್ನು ಬೇಕಾದ ಗುಂಡಿಗಳಿಗೆಲ್ಲ ಒತ್ತಿಕೊಂಡಳು. ಕಪ್ಪು ಕೀಬೋರ್ಡಿನ ಮೂಲೆ ಮಠದ ಹೊಸ್ತಿಲಿನ ಹಾಗೆ ಬೆಳ್ಳಗಾಯಿತು.

ಆಟವೆಂದರೆ ನೆಲಮಾಳಿಗೆಯ ಕೆಳಗೆ ನೆಲಮಾಳಿಗೆ, ಕಲ್ಲಿನ ಓಣಿಗಳು, ಓಣಿ ತುಂಬ ದೆವ್ವಗಳು. ಅವಕ್ಕೆ ಗುಂಡು ಹಾರಿಸುತ್ತ ಕೆಳಗಿಳಿಯಬೇಕು. ಅಲ್ಲಲ್ಲಿ ಊಟ ಇಟ್ಟಿರುತ್ತಾರೆ. ಅದರ ಮೇಲೆ ಕಾಲಿಟ್ಟವರಿಗೆ ಅದು, ಒಬ್ಬರಿಗೇ. ತಪ್ಪಿ ಗುಂಡು ತಗುಲಿದರೆ ಊಟ ಹಾಳು. ಒಬ್ಬರು ಸತ್ತರೆ ಇನ್ನೊಬ್ಬರು ಮುಟ್ಟಿ, ತಮ್ಮ ಜೀವದಲ್ಲಿ ಅರ್ಧ ಕೊಟ್ಟು ಎಬ್ಬಿಸಬಹುದು. ಈ ಕೊನೆಯ ಮಾತು ಚನ್ನಬಸವ್ವನಿಗೆ ಬಹಳ ಹಿಡಿಸಿತು. ಇದನ್ನು ಮಾಡಿದವರ ಮನೆಯಲ್ಲಿ ಯಾರೋ ಹಿರಿಯರು ಇದ್ದಿರಬೇಕು ಎಂದಳು.

ಆಕೆ ಊಟದ ದಿಕ್ಕಿಗೆ ಒಂದೂ ಗುಂಡು ಹಾರಿಸಲಿಲ್ಲ. ದೆವ್ವಗಳು ಊಟದ ಹಿಂದೆ ನಿಂತರೆ ಅವು ಬಂದು ಕಚ್ಚುವ ತನಕ ಕಾದಳು. ಅದಾದರೂ ಸರಿ, ಆದರೆ ಊಟದ ಮುಂದೆ ಹೋಗಿ ನಿಂತವಳು ಅದರ ಮೇಲೂ ಕಾಲಿಡಲಿಲ್ಲ.

“ಅದೇನು ತಾಟಿನ್ಯಾಗ?”

“ಕೋಳಿ ಕಾಲು.”

ಚನ್ನಬಸವ್ವ ಕೀಬೋರ್ಡಿನ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅಂಕಿ ಇಳಿಯಿತು, ಇಳಿಯಿತು, ಗೊಂಬೆ ಮಲಗಿತು.

“ಅದು ಚಿತ್ರರೀ ಅತ್ತಿ,” ಎಂದಳು ರಂಜನಾ.

“ಚಿತ್ರ ಅಂತ ನನಗೂ ಗೊತ್ತದ. ಆದರ ಉಣ್ಣಾಕಿ ನಾನಲ್ಲೇನು? ಕೊಳ್ಳಾಗ ಲಿಂಗ ಕಟಗೊಂಡು ಕೂತೀನಿ.”

ರಂಜನಾ ಅರ್ಧ ಜೀವ ಕೊಟ್ಟು ಎಬ್ಬಿಸಿದಳು. ಮುಂದಿನ ಓಣಿಯಲ್ಲಿ ಮತ್ತೆ ಅದೇ ತಾಟು, ಮತ್ತೆ ಅದೇ ಉಪವಾಸ. ಮತ್ತೆ ಅರ್ಧ. ಅರ್ಧದಲ್ಲಿ ಅರ್ಧವಾಗಿ ಕೊನೆಗೆ ಇಬ್ಬರೂ ಒಂದೇ ಕಂಬದ ಬುಡದಲ್ಲಿ ಬಿದ್ದರು. ಇಂಥ ಜೋಡಿ ಸಿಕ್ಕರೆ ದೆವ್ವಗಳೇ ಬೇಡವೆಂದು ರಂಜನಾ ಹಂಗಿಸಿದಳು. ಹಂಗಿಸುತ್ತ ನಕ್ಕಳು. ಆ ನಗೆಯನ್ನು ಆ ಮನೆ ಬಹಳ ದಿನದಿಂದ ಕೇಳಿರಲಿಲ್ಲ.

ಮರುದಿನ, ಭಾನುವಾರ, ರಂಜನಾ ತಾನಾಗಿಯೇ ಎದ್ದು ಕೂತಿದ್ದಳು. ಆಟದ ಚಿತ್ರಗಳೆಲ್ಲ ಬೇರೆ ಕಡತದಲ್ಲಿರುತ್ತವಂತೆ. ಕೋಳಿಯನ್ನು ಅಳಿಸಿ ಬೇಕಾದ್ದನ್ನು ಬರೆಯಬಹುದಂತೆ. ಅತ್ತೆಗೆ ಏನು ಬೇಕೆಂದು ಕೇಳಿದಳು.

ಚನ್ನಬಸವ್ವ ಯೋಚಿಸಿ, ಜೋಳದ ನುಚ್ಚು ಮತ್ತು ಮಜ್ಜಿಗೆ ಎಂದಳು. ಜೀವ ಸೋತವರಿಗೆ ಅದಕ್ಕಿಂತ ದೊಡ್ಡ ಊಟವಿಲ್ಲ.

ಹುಡುಗಿ ಚುಕ್ಕಿ ಚುಕ್ಕಿಯಾಗಿ ಒಂದು ಬಟ್ಟಲು ಬರೆದಳು. ಬಿಳಿ ಬಟ್ಟಲು, ಬಿಳಿ ನುಚ್ಚು, ಬಿಳಿ ಮಜ್ಜಿಗೆ. ನೋಡಿದರೆ ಸುಣ್ಣದ ಗಡಿಗೆ. ಅತ್ತೆ ಅದನ್ನು ಒಪ್ಪಲಿಲ್ಲ. ನುಚ್ಚು ಅಷ್ಟು ಬೆಳ್ಳಗಿರುವುದಿಲ್ಲ, ಮುತ್ತಿನ ಬಣ್ಣ, ಒಳಗೆ ಕಾಳಿನ ಕೆಂಪು ಕಣ್ಣು ಇರುತ್ತದೆ ಎಂದಳು. ಎಂಥ ಕೆಂಪು ಎಂದಳು ಹುಡುಗಿ. ಬಾಯಲ್ಲಿ ಹೇಳುವ ಬಣ್ಣವಲ್ಲ ಅದು. ಚನ್ನಬಸವ್ವ ಒಳಗೆ ಹೋಗಿ, ಊರಿಂದ ತಂದ ನುಚ್ಚನ್ನು ಎಸರಿಗೆ ಹಾಕಿದಳು. ಮೆತ್ತಗೆ ಬೇಯಿಸಿ, ಮಜ್ಜಿಗೆ ಸುರಿದು, ಅಂಚಿಗೆ ಚಿಟಿಕೆ ಕೆಂಪು ಮೆಣಸಿನಕಾಯಿ ಹಿಂಡಿ ಇಟ್ಟು ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟಳು.

“ತಿನ್ನಾಕಲ್ಲ. ನೋಡಿ ಬರಿಯಾಕ.”

ರಂಜನಾ ನೋಡಿದಳು. ಬಟ್ಟಲನ್ನು ಬೆಳಕಿಗೆ ತಿರುಗಿಸಿದಳು, ಬಗ್ಗಿ ನೋಡಿದಳು, ಬಣ್ಣ ಕಲೆಸಿದಳು. ಹಿಂಡಿಯ ಕೆಂಪು ಚುಕ್ಕಿ ಬಿದ್ದ ಮೇಲೆ ಪರದೆಯ ಬಟ್ಟಲು ಊಟದ ಬಟ್ಟಲಾಯಿತು. ಇಬ್ಬರೂ ನೆಲಮಾಳಿಗೆಗೆ ಇಳಿದರು.

ಎರಡನೆಯ ಓಣಿಯ ತುದಿಯಲ್ಲಿ ನುಚ್ಚು ಸಿಕ್ಕಿತು. ಚನ್ನಬಸವ್ವನ ಗೊಂಬೆ ಅದರ ಮುಂದೆ ಹೋಗಿ ನಿಂತಿತು. ನಿಂತೇ ಇತ್ತು.

“ಈಗೇನಾತರಿ? ಕೋಳಿ ಅಲ್ಲಲ್ಲ.”

“ನೀ ಉಣ್ಣು ಮೊದಲ.”

“ಅತ್ತಿ, ನಿಮ್ಮ ಜೀವ ಕಡಿಮಿ ಅದ. ಸಾಯ್ತೀರಿ.”

“ನಮ್ಮನ್ಯಾಗ ಮಗ್ಗಲದಾಗ ಕೂತವರು ಹಸದಿದ್ದಾಗ ಯಾರೂ ತುತ್ತು ಎತ್ತಿಲ್ಲವ್ವ. ನಾ ಹೆಂಗ ಎತ್ತಲಿ?”

ಅದು ಆಕೆ ಹೂಡಿದ ಉಪಾಯವಲ್ಲ. ಹುಟ್ಟಿದಾಗಿನಿಂದ ಕೈ ಹಾಗೆ ಪಳಗಿತ್ತು. ಗುಂಡಿಯ ಮೇಲೂ ಅದೇ ಕೈ. ಪರದೆಯ ಮೇಲೆ ಎರಡು ಗೊಂಬೆಗಳು ಒಂದು ಬಟ್ಟಲಿನ ಎದುರು ನಿಂತಿದ್ದವು, ಎರಡೂ ಅಂಕಿಗಳು ಇಳಿಯುತ್ತಿದ್ದವು. ರಂಜನಾ ಒಮ್ಮೆ ಅಂಕಿಗಳನ್ನು ನೋಡಿದಳು, ಒಮ್ಮೆ ಅತ್ತೆಯ ಬತ್ತಿದ ತುಟಿಯನ್ನು ನೋಡಿದಳು. ಆಕೆ ಬೆಳಗಿನಿಂದ ಏನು ಉಂಡಿದ್ದಾಳೆಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

“ಆಟದಾಗಿಂದು ನೀವು ತಗೋರಿ,” ಎಂದಳು. ಪಕ್ಕದ ಬಟ್ಟಲನ್ನು ಎಳೆದುಕೊಂಡಳು. “ಇದನ್ನ ನಾ ತಗೋತೀನಿ.”

ಒಂದು ಚಮಚ ಬಾಯಿಗೆ ಹೋಯಿತು. ಚನ್ನಬಸವ್ವ ವಿಭೂತಿಯ ಗುಂಡಿ ಒತ್ತಿದಳು. ಅಂಕಿ ಸರ್ರನೆ ಏರಿತು. ಆಕೆ ಅದನ್ನು ನೋಡಲಿಲ್ಲ. ಹುಡುಗಿಯ ಗಂಟಲು ಆಡುವುದನ್ನು ನೋಡಿದಳು. ಎರಡನೆಯ ಚಮಚಕ್ಕೆ ರಂಜನಾ ಹುಬ್ಬು ಗಂಟಿಕ್ಕಿದಳು.

“ಉಪ್ಪು ಕಡಿಮಿ ಆಗ್ಯದರಿ.”

ಚನ್ನಬಸವ್ವ ಕುರ್ಚಿ ತಳ್ಳಿ ಎದ್ದಳು. ದೆವ್ವಗಳು ಬರುತ್ತಿವೆ, ಬಿಟ್ಟು ಹೋಗಬೇಡಿರೆಂದು ಹಿಂದಿನಿಂದ ಹುಡುಗಿ ಹೇಳುತ್ತಿದ್ದಳು. ಆಕೆ ಉಪ್ಪಿನ ಡಬ್ಬಿ ಹಿಡಿದು ಬರುವಷ್ಟರಲ್ಲಿ ಗೊಂಬೆ ಓಣಿಯಲ್ಲಿ ಅಂಗಾತ ಬಿದ್ದಿತ್ತು.

“ಸತ್ರಿ ಅತ್ತಿ,” ಎಂದಳು ರಂಜನಾ, ಬಾಯಿ ತುಂಬ ನುಚ್ಚು.

“ಸಾಯಲಿ ಬಿಡು. ಅರ್ಧ ಕೊಡಾಕ ನೀ ಇದ್ದೀಯಲ್ಲ,” ಎಂದು ಚನ್ನಬಸವ್ವ ಬಟ್ಟಲಿಗೆ ಉಪ್ಪು ಉದುರಿಸಿದಳು.