ಆರುನೂರ ಹದಿಮೂರರ ಸಾಲು

ನಾನೊಂದು ಸ್ಟೈಲಸ್. ಕಣ್ಣಿಲ್ಲದವರು ಬ್ರೈಲ್ ಬರೆಯಲು ದಪ್ಪ ಕಾಗದಕ್ಕೆ ಚುಕ್ಕೆ ಚುಚ್ಚುತ್ತಾರಲ್ಲ, ಆ ಮೊನೆ. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಉಕ್ಕಿನ ತುದಿಗೆ ಮರದ ಹಿಡಿ ಕೂಡಿಸಿ ನನ್ನನ್ನು ಮಾಡಿದರು. ಅಂಧರ ಶಾಲೆಯ ಗಣಿತದ ಮಾಸ್ತರ ಗುರುಪಾದಯ್ಯನವರ ಅಂಗೈಯೇ ನನ್ನ ಮನೆಯಾಯಿತು. ಅವರೂ ಹುಟ್ಟು ಕುರುಡರು.

ಅವರ ಹಳೆಯ ಶಿಷ್ಯೆ ದಾಕ್ಷಾಯಣಿಗೂ ಕಣ್ಣಿರಲಿಲ್ಲ. ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಹುಡುಗಿ ಒಂದು ಸಂಜೆ ಅಳುತ್ತ ಬಂದಳು.

“ಲಾಗರಿದಂ ಪುಸ್ತಕ ನಿನಗ ಓದಾಕ ಬರೂದಿಲ್ಲ, ಗಣಿತ ಬಿಡು ಅಂತಾರ್ರಿ ಸರ್.”

“ಬಿಡಬ್ಯಾಡವ್ವ. ನಾ ಚುಚ್ಚಿ ಕೊಡ್ತೀನಿ.”

ಒಂದರಿಂದ ಸಾವಿರದವರೆಗೆ ಪ್ರತಿ ಸಂಖ್ಯೆಯ ಸ್ವಾಭಾವಿಕ ಲಾಗರಿದಂ, ಐದೈದು ದಶಾಂಶ. ಅಚ್ಚಿನ ಪುಸ್ತಕ ನೋಡಿ ಓದುವವರು ಅವರ ಹೆಂಡತಿ ನೀಲವ್ವ. ನಾಲ್ಕನೇ ಇಯತ್ತೆ ಕಲಿತ ಹೆಣ್ಣುಮಗಳು, ಅಂಕಿಗಳನ್ನು ಮಲ್ಲಿಗೆ ಮೊಗ್ಗು ಎಣಿಸುವಂತೆ ಒಂದೊಂದಾಗಿ ಹೇಳುತ್ತಿದ್ದರು.

“ಎರಡರ ಹೊಟ್ಟ್ಯಾಗ ಇಷ್ಟೊಂದು ಅಂಕಿ ಅದಾವೇನ್ರೀ?”

“ಅವಕ್ಕ ಕೊನಿ ಇಲ್ಲ ನೀಲಾ. ನಾವ ಐದಕ್ಕ ನಿಲ್ಲಸ್ತೀವಿ, ಅಷ್ಟ.”

ಐದುನೂರು ದಾಟುವಾಗ ನೀಲವ್ವನಿಗೆ ಕೆಮ್ಮು ಹತ್ತಿತು. ದವಾಖಾನೆಗೆ ಹೋಗೋಣವೆಂದರೆ “ಹುಡುಗಿ ಪರೀಕ್ಷಿ ಮುಗೀಲಿ” ಎನ್ನುತ್ತಿದ್ದರು. ಒಂದು ಮಧ್ಯಾಹ್ನ, “ಆರನೂರ ಹದಿಮೂರು. ಆರು ಪಾಯಿಂಟ್ ನಾಕು, ಒಂದು, ಎಂಟು…” ಎಂದವರು ಸುಮ್ಮನಾದರು. ಮಾಸ್ತರರು ನನ್ನನ್ನು ಕಾಗದದ ಮೇಲೆ ಒತ್ತಿ ಹಿಡಿದು ಮುಂದಿನ ಅಂಕಿಗೆ ಕಾದರು. “ನೀಲಾ?” ಎಂದರು. ಮಾಸ್ತರರ ಅಂಗೈ ತಣ್ಣಗಾದದ್ದು ಮೊದಲು ತಿಳಿದದ್ದು ನನಗೆ.

ನೀಲವ್ವ ಹೋದ ಮೇಲೆ ಹದಿನೈದು ದಿನ ಅವರು ನನ್ನನ್ನು ಮುಟ್ಟಲಿಲ್ಲ. ಓದಿ ಹೇಳುತ್ತೇವೆಂದು ಬಂದವರನ್ನೆಲ್ಲ ಕೈಮುಗಿದು ಕಳಿಸಿದರು. ಆಮೇಲೆ ಒಬ್ಬರೇ ಕೂತರು. ಎರಡು ಸಂಖ್ಯೆಗಳ ಲಾಗರಿದಂ ಕೂಡಿಸಿದರೆ ಅವುಗಳ ಗುಣಲಬ್ಧದ ಲಾಗರಿದಂ ಸಿಗುತ್ತದೆ. ಆರುನೂರ ಹದಿನೈದು ಬೇಕೇ? ಐದರದ್ದಕ್ಕೆ ನೂರಾ ಇಪ್ಪತ್ಮೂರರದ್ದು ಕೂಡಿಸು. ನೀಲವ್ವ ಓದಿದ ಹಾಳೆಗಳನ್ನು ತಡವುತ್ತ, ಕೂಡಿಸುತ್ತ ಸಾವಿರ ಮುಟ್ಟಿದರು. ಅಲ್ಲಿಂದ ಮುಂದೆ, ಒಂದು ಹಾಗೂ ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳ ಸಾಲುಗಳು ಮಾತ್ರ ಖಾಲಿ. ಆರುನೂರ ಹದಿಮೂರೂ ಅಂಥದ್ದೇ. ಅದು ಅರ್ಧಕ್ಕೇ ನಿಂತಿತು.

ಹಾಳೆಗಳನ್ನು ತಡವಿದ ದಾಕ್ಷಾಯಣಿ ಮೆಲ್ಲಗೆ ಹೇಳಿದಳು: “ಸರ್, ಹಿಂದಿನದು, ಮುಂದಿನದು ಕೂಡಿಸಿ ಅರ್ಧ ಮಾಡಿದ್ರ ಇವೂ ಹೆಚ್ಚುಕಡಿಮಿ ಬರ್ತಾವಲ್ರಿ?”

“ಗೊತ್ತೈತಿ.”

ಆಕೆ ಮತ್ತೆ ಕೇಳಲಿಲ್ಲ. ಬೇಕಾದಾಗ ಹಾಗೆಯೇ ಲೆಕ್ಕ ಹಾಕಿಕೊಂಡು ಪರೀಕ್ಷೆ ಪಾಸಾದಳು, ಹಾಳೆಗಳನ್ನು ಮರಳಿ ತಂದುಕೊಟ್ಟಳು, ಮುಂದೆ ಗಣಿತದ ಟೀಚರಾದಳು.

ಮಾಸ್ತರರು ತೀರಿಕೊಂಡ ಮೇಲೆ ಹಾಳೆಗಳೂ ನಾನೂ ಅವಳ ಪಾಲಿಗೆ ಬಂದೆವು. ಈಗ ಅವಳ ಕಂಪ್ಯೂಟರು ಅಂಕಿಗಳನ್ನು ತಾನೇ ಮಾತಾಡಿ ಹೇಳುತ್ತದೆ. ನನ್ನ ಮೊನೆ ಮೊಂಡಾಗಿದೆ, ಮೇಜಿನ ಖಾನೆಯಲ್ಲಿ ಬಿದ್ದಿರುತ್ತೇನೆ.

ಒಮ್ಮೆ ಅವಳು ಹಾಳೆಗಳನ್ನು ತೆಗೆದು ಕೂತಳು. ಎಲ್ಲ ಚುಕ್ಕೆಗಳೂ ಬೆರಳಿಗೆ ಹತ್ತಿದವು. ಆರುನೂರ ಹದಿಮೂರರ ಸಾಲಿಗೆ ಬಂದಾಗ ಬೆರಳು ನಿಂತಿತು. ನೀಲವ್ವ ಹೇಳಿದ ಆ ಕೊನೆಯ ಮೂರು ಅಂಕಿಗಳ ಚುಕ್ಕೆಗಳು ಸವೆದು ಕಾಗದ ನುಣ್ಣಗಾಗಿತ್ತು. ಮಾಸ್ತರರು ಎಷ್ಟು ವರ್ಷ, ಎಷ್ಟು ಸಲ ತಡವಿದ್ದರೋ!

ಅವಳು ನನ್ನನ್ನು ಎತ್ತಿಕೊಂಡಳು. ಮತ್ತೆ ಚುಚ್ಚಿ ಎಬ್ಬಿಸುತ್ತಾಳೆಂದುಕೊಂಡೆ. ಆ ನುಣುಪಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿ, ನನ್ನನ್ನು ಕೆಳಗಿಟ್ಟಳು.