ಹಾಳೆ ಹಾಸಿ ನೋಡಿದ ಯಮನೂರ

ಯಮನೂರನ ಹೆಸರು ನನ್ನ ಕಿವಿಗೆ ಬಿದ್ದ ದಿನ ಅದರ ಹಿಂದೆಯೇ ಅವನ ಹೆದರಿಕೆಯ ಸುದ್ದಿಯೂ ಬಿತ್ತು. ಮಾಕಳಿಯಲ್ಲಿ ರೂಮು, ಸೈಟು, ಸಾಲ ಮೂರನ್ನೂ ಕುದುರಿಸಿಕೊಡುವ ದಲ್ಲಾಳಿ ಮುನಿಕೃಷ್ಣ ನಮ್ಮ ಗೇಟಿಗೆ ಒರಗಿ ನಿಂತು, "ಅಮ್ಮಾ, ನಿಮ್ಮ ಮೇಲಿನ ರೂಮಿಗೆ ಒಬ್ಬ ಟೈಲ್ಸ್ ಕೆಲಸದೋನು ಬರ್ತಾನೆ. ನರಗುಂದದ ಕಡೆಯೋನು. ಗಂಡ ಹೆಂಡ್ತಿ ಇಬ್ರೇ. ಕುಡಿಯಲ್ಲ, ಸೇದಲ್ಲ. ಒಂದೇ ಕಾಯಿಲೆ, ಪೇಪರ್ ಕಂಡ್ರೆ ನಡುಗ್ತಾನೆ. ಹೋದ ಮನೇಲಿ ಬಾಡಿಗೆ ಕರಾರಿಗೆ ಸಹಿ ಹಾಕೋಕೆ ಒಂಬತ್ತು ದಿವಸ ತಗೊಂಡ ಕಣಮ್ಮಾ!" ಎಂದು ನಕ್ಕ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ನಾನೂ ಅವನ ಜೊತೆ ಸೇರಿ ನಕ್ಕೆ.

ಬಂದವನನ್ನು ನೋಡಿದರೆ ನಲವತ್ತೆರಡರ ಗಟ್ಟಿ ಆಳು. ಅಂಗಿಯ ಮಡಿಕೆಗಳಲ್ಲಿ ಎಷ್ಟು ಒಗೆದರೂ ಹೋಗದ ಸಿಮೆಂಟಿನ ಬಿಳುಪು. ಎರಡೂ ಮೊಣಕಾಲಿಗೆ ಹಳೆಯ ಟಯರಿನ ಟ್ಯೂಬು ಕತ್ತರಿಸಿ ಕಟ್ಟಿಕೊಂಡ ಪಟ್ಟಿ. ಹಾಸಿದ ನೆಲ ಇನ್ನೂ ಒಣಗಿಲ್ಲವೇನೋ ಎಂಬಂತೆ ಗೋಡೆಯ ಅಂಚು ಹಿಡಿದು, ಹಿಮ್ಮಡಿ ಎತ್ತಿ ಎತ್ತಿ ನಡೆಯುತ್ತಿದ್ದ. ಬೆಳ್ಳಂದೂರು, ವೈಟ್‌ಫೀಲ್ಡುಗಳ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಹದಿನೆಂಟು ವರ್ಷ ಪರರ ಮನೆಗೆ ನೆಲ ಹಾಸಿದವನಿಗೆ ಆ ನಡಿಗೆ ದೇಹಕ್ಕೇ ಅಂಟಿಬಿಟ್ಟಿತ್ತು. ಯಾರ ಮನೆಗೆ ಹೋದರೂ ಕುಕ್ಕರಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ನೆಲ ತಟ್ಟುವನು; ಪೊಳ್ಳು ಸದ್ದು ಬಂದ ಕಡೆ ಕಾಲಿಡನು. ನಮ್ಮ ನಡುಮನೆಯಲ್ಲಿ ಅಂಥ ಟೈಲ್ಸು ಏಳು ಇವೆಯೆಂದು ಬಂದ ದಿನವೇ ಎಣಿಸಿ ಹೇಳಿ ನನ್ನ ಹೊಟ್ಟೆ ಉರಿಸಿದ್ದ.

ಅವನಿಗೂ ಒಂದು ಸ್ವಂತ ಸೂರು ಬೇಕಿತ್ತು. ಮುಂಗಡಕ್ಕೆಂದು ಕೂಡಿಟ್ಟ ಹಣವೂ ಇತ್ತು. ಆದರೆ ಗೃಹಸಾಲವೆಂಬ ಮಾತು ಬಂದೊಡನೆ ಅವನ ಮುಖ ಸುಣ್ಣವಾಗುತ್ತಿತ್ತು. ಕಾರಣವನ್ನು ಅವನ ಹೆಂಡತಿ ಮಹಾದೇವಿ ಹೇಳಿದಳು. ಮಹದೇವಪುರದ ಯಾವುದೋ ಫ್ಲಾಟಿನಲ್ಲಿ ಅವನೇ ಹಾಸಿದ ನೆಲದಲ್ಲಿ ಎರಡು ಟೈಲ್ಸು ಬಿರಿದಿವೆಯೆಂದು ಕರೆ ಬಂದು ಹೋದಾಗ ಬಾಗಿಲಿಗೆ ಸಾಲ ಕೊಟ್ಟವರ ನೋಟೀಸು ಅಂಟಿತ್ತಂತೆ, ಬೀಗಕ್ಕೆ ಅರಗಿನ ಮುದ್ರೆ ಬಿದ್ದಿತ್ತಂತೆ, ಹೊಸ್ತಿಲ ಹೊರಗೆ ಆ ಮನೆಯವರ ಚಪ್ಪಲಿಗಳು ದೊಡ್ಡವು ಚಿಕ್ಕವು ಸಾಲಾಗಿ ಹಾಗೇ ಇದ್ದವಂತೆ. "ಅವತ್ತಿಂದ ಇವರು ಹಿಂಗ ಆಗ್ಯಾರ ನೋಡ್ರಿ. ಹೆದರಿ ಹೆದರಿ ನಮ್ಮ ತಲಿ ಮ್ಯಾಲ ಒಂದು ತಗಡು ಸೈತ ಬರಲಿಲ್ಲ," ಎಂದು ಅವಳು ಗಂಡನಿಗೆ ಕೇಳಿಸುವಂತೆಯೇ ಆಡಿದಳು. ಅವನು ತಲೆ ತಗ್ಗಿಸಿ ಕರಣೆ ಉಜ್ಜುತ್ತ ಕೂತಿದ್ದ.

ಮುನಿಕೃಷ್ಣ ಮಾತ್ರ ಬಿಡುತ್ತಿರಲಿಲ್ಲ. ವಾರಕ್ಕೊಮ್ಮೆ ಬಂದು ಹೊಸ ಸಾಲದ ಕಾಗದ ಬೀಸುವನು. "ಗುರು, ಮೂವತ್ತು ವರ್ಷಕ್ಕೆ ತಗೋ. ಇಎಂಐ ನೋಡು, ನೀನು ಕೊಡೋ ಬಾಡಿಗೆಗಿಂತ ಎರಡು ಸಾವಿರ ಜಾಸ್ತಿ ಅಷ್ಟೇ."

"ಮೂವತ್ತು ವರ್ಷ ಅಂದ್ರ ನನಗ ಎಪ್ಪತ್ತೆರಡು ಆಗ್ತೈತಲ್ರೀ ಸಾರ್?"

"ಅಯ್ಯೋ, ಇಎಂಐ ನೋಡು ಅಂದ್ರೆ ವರ್ಷ ಯಾಕ್ ನೋಡ್ತೀಯ ಮಾರಾಯಾ!"

ಒಂದು ಭಾನುವಾರ ಬೆಳಿಗ್ಗೆ ಯಮನೂರ ಮೆಟ್ಟಿಲಿಳಿದು ಬಂದು, ಕೈಕಟ್ಟಿ ನಿಂತು ನನ್ನನ್ನು ಕೇಳಿದ: "ಅವ್ವಾರ, ನಿಮ್ಮ ಸಾಲದ ಹಾಳಿ ಒಮ್ಮೆ ತೋರಸ್ತೀರೇನ್ರಿ? ಚಲೋ ಸಾಲ ಹೆಂಗಿರ್ತೈತಿ ನೋಡಬೇಕಾಗೈತಿ."

ನನಗೆ ಹೆಮ್ಮೆಯಾಯಿತು. ನನ್ನ ಯಜಮಾನರು ಬಿಟ್ಟುಹೋದ ಸೈಟಿನಲ್ಲಿ ಈ ಮನೆ ಎದ್ದದ್ದು ನಾನೂ ನನ್ನ ಮಗಳು ಸೌಮ್ಯಳೂ ಸೇರಿ ಒಂದು ಫೈನಾನ್ಸ್ ಕಂಪನಿಯಿಂದ ಎತ್ತಿದ ಇಪ್ಪತ್ತು ವರ್ಷದ ಸಾಲದಿಂದ. ಪೀಣ್ಯದ ಗಾರ್ಮೆಂಟಿನಲ್ಲಿ ಸೂಪರ್‌ವೈಸರಾಗಿರುವ ಅವಳ ಸಂಬಳದಿಂದ ಒಂದು ಕಂತೂ ತಪ್ಪಿರಲಿಲ್ಲ. ನನಗೆ ಎಂಬತ್ತು ತುಂಬುವ ವರ್ಷ ಸಾಲ ತೀರುತ್ತದೆ, ಮನೆಯ ಪತ್ರ ಬಿಡಿಸಿ ಮಗಳ ಕೈಗಿಟ್ಟು ಕಣ್ಣು ಮುಚ್ಚುತ್ತೇನೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ಎಲ್ಲರ ಬಡ್ಡಿಯೂ ಏರಿತೆಂದು ಬೀದಿಯೆಲ್ಲ ಗೋಳಾಡಿದ ವರ್ಷ ನಮ್ಮ ಕಂತು ಒಂದು ರೂಪಾಯಿಯೂ ಏರದೆ ಉಳಿದಾಗ, ಆಂಜನೇಯಸ್ವಾಮಿಗೆ ವೀಳ್ಯದೆಲೆಯ ಹಾರ ಹಾಕಿಸಿ ಬಂದಿದ್ದೆ. ಟ್ರಂಕಿನಿಂದ ಕಟ್ಟು ತೆಗೆದು ಅವನ ಮುಂದಿಟ್ಟೆ. "ನೋಡಪ್ಪಾ, ಕಣ್ಣಿಗೊತ್ತಿಕೊಳ್ಳೋ ಅಂಥ ಸಾಲ," ಎಂದೆ.

ಅವನಿಗೆ ಇಂಗ್ಲಿಷು ಬಾರದು, ಅಂಕಿ ಬರುತ್ತದೆ. ವರ್ಷಕ್ಕೊಂದರಂತೆ ಕಂಪನಿಯವರು ಕಳಿಸಿದ್ದ ಎಂಟು ಹಾಳೆಗಳನ್ನು ನಡುಮನೆಯ ನೆಲದ ಮೇಲೆ ಟೈಲ್ಸು ಹಾಸುವ ಹಾಗೆಯೇ, ಅಂಚಿಗೆ ಅಂಚು ಕೂಡಿಸಿ, ನಡುವೆ ಬೆಂಕಿಕಡ್ಡಿಯಷ್ಟು ಸಂದು ಬಿಟ್ಟು ಹಾಸಿದ. ಎದ್ದು ನಿಂತು ನೋಡಿದ. ಜೇಬಿನಿಂದ ಮಟ್ಟದ ದಾರ ತೆಗೆದು, ಒಂದು ತುದಿಯನ್ನು ಕಾಲಬೆರಳಲ್ಲಿ ಒತ್ತಿ, ಎಲ್ಲ ಹಾಳೆಗಳಲ್ಲೂ ಒಂದೇ ಸಾಲಿನ ಮೇಲೆ ಬರುವಂತೆ ಬಿಗಿಯಾಗಿ ಎಳೆದ. ದಾರದ ಕೆಳಗಿನ ಅಂಕಿ ಇನ್ನು ಎಷ್ಟು ತಿಂಗಳು ಕಟ್ಟಬೇಕೆಂಬುದರ ಲೆಕ್ಕ. ಮೊದಲ ಹಾಳೆಯಲ್ಲಿ ಇನ್ನೂರ ಇಪ್ಪತ್ತೆಂಟು. ಆಮೇಲೆ ವರ್ಷ ವರ್ಷವೂ ಹನ್ನೆರಡು ಹನ್ನೆರಡು ಇಳಿಯುತ್ತ ಬಂದು ಆರನೆಯದರಲ್ಲಿ ನೂರ ಅರವತ್ತೆಂಟು. ಏಳನೆಯ ಹಾಳೆಯ ಮುಂದೆ ಅವನು ಮೊಣಕಾಲೂರಿದವನು ಏಳಲೇ ಇಲ್ಲ.

"ಅವ್ವಾರ," ಎಂದ. ಸಾವಿನ ಸುದ್ದಿ ತಂದವರ ದನಿ ಅದು. "ಇಲ್ಲಿ ಜಾಯಿಂಟ್ ಕೂಡವಲ್ದ್ರಿ."

ನೂರ ಐವತ್ತಾರು ಇರಬೇಕಾದಲ್ಲಿ ಮತ್ತೆ ಇನ್ನೂರ ಇಪ್ಪತ್ತೆಂಟು ಕೂತಿತ್ತು. ಮೊದಲ ಹಾಳೆ ಬಂದಂದಿನಿಂದ ಆರು ವರ್ಷ ಬೆವರು ಸುರಿಸಿ ಕಟ್ಟಿದ ಮೇಲೂ ನಾವು ಅದೇ ಅಂಕಿಯ ಮೇಲೆಯೇ ನಿಂತಿದ್ದೆವು. ಬಡ್ಡಿ ನಮಗೂ ಏರಿತ್ತು; ಕಂತನ್ನು ಮುಟ್ಟದೆ ವರ್ಷಗಳನ್ನು ಹಿಗ್ಗಿಸಿದ್ದರು. ನನ್ನ ಎಂಬತ್ತು ಎಂಬತ್ತಾರಾಗಿತ್ತು. ಆ ಎಂಟು ಹಾಳೆಗಳ ಮೇಲೆ ಕಾಲಿಟ್ಟರೆ ಕೆಳಗೆ ಜಾರಿಬಿಡುತ್ತೇನೆಂಬಂತೆ ಗೋಡೆ ಹಿಡಿದು ನಿಂತೆ. ಸೌಮ್ಯ ಮೊಬೈಲಿನ ಹಳೆಯ ಮೆಸೇಜುಗಳನ್ನು ಕೆದಕಿ ಒಂದನ್ನು ಹುಡುಕಿ ಅತ್ತಳು. "'ಕಂತು ಬದಲಾಗಿಲ್ಲ' ಅನ್ನೋದು ಓದಿ ಖುಷಿಪಟ್ಬಿಟ್ಟೆ ಅಮ್ಮಾ. ಅದರ ಕೆಳಗಿನ ಸಾಲು ಓದಲೇ ಇಲ್ಲ."

ಮರುದಿನ ಕೂಲಿ ಬಿಟ್ಟು ಯಮನೂರನೂ ನಮ್ಮೊಡನೆ ಫೈನಾನ್ಸ್ ಆಫೀಸಿಗೆ ಬಂದ. ಅಲ್ಲಿಯ ಹೊಳೆಯುವ ನೆಲದ ಮೇಲೂ ಅಂಚು ಹಿಡಿದೇ ನಡೆದ. ಮೇಜಿನ ಹಿಂದಿದ್ದ ಹೆಣ್ಣುಮಗಳು ಒಳ್ಳೆಯವಳೇ. ಕಂತನ್ನು ಸ್ವಲ್ಪ ಏರಿಸಿಕೊಂಡರೆ ವರ್ಷ ಇಳಿಯುತ್ತದೆ, ಇಡುಗಂಟು ಕಟ್ಟಿದರೆ ಇನ್ನಷ್ಟು ಇಳಿಯುತ್ತದೆ, ಅರ್ಜಿ ಕೊಟ್ಟು ಶುಲ್ಕ ತೆತ್ತರೆ ಬಡ್ಡಿಯೂ ತುಸು ಇಳಿಯುತ್ತದೆ ಎಂದಳು. ಇವನ್ನೆಲ್ಲ ಕೇಳಿದವರಿಗೆ ಮಾತ್ರ ಹೇಳುವುದೆಂದು ಕಾಣುತ್ತದೆ. ಸೌಮ್ಯ ಸಹಿ ಹಾಕುತ್ತಿದ್ದಾಗ ಯಮನೂರ ಕುರ್ಚಿಯ ತುದಿಯಲ್ಲಿ ಕೂತು ತನ್ನ ಪ್ರಶ್ನೆ ತೆಗೆದ.

"ಮೇಡಂ, ಬಡ್ಡಿ ಏರದಂಥಾ ಸಾಲ ಇಲ್ಲೇನ್ರಿ?"

"ಫಿಕ್ಸೆಡ್ ಇದೆ. ಬಡ್ಡಿ ಸ್ವಲ್ಪ ಜಾಸ್ತಿ."

"ಕಡೀತನಕ ಫಿಕ್ಸ್ ಏನ್ರಿ?"

"ಇಲ್ಲ, ಮೊದಲ ಮೂರು ವರ್ಷ. ಆಮೇಲೆ ಫ್ಲೋಟಿಂಗ್, ಮಾರ್ಕೆಟ್ ಹೇಗಿರುತ್ತೋ ಹಾಗೆ."

"ಹಂಗಾರ ಅದು ಮೂರು ವರ್ಷದ ಫಿಕ್ಸ್ ಅಂತ ಬೋರ್ಡಿನ್ಯಾಗ ಬರೀರಲ್ರಿ," ಎಂದು ಹೇಳಿ, ಅಷ್ಟು ಧೈರ್ಯ ಮಾಡಿದ್ದಕ್ಕೆ ತಾನೇ ಬೆವತ.

ನಮ್ಮ ಸಾಲ ತೀರುವ ನನ್ನ ವಯಸ್ಸು ಎಂಬತ್ತಾರರಿಂದ ಎಂಬತ್ತೆರಡಕ್ಕೆ ಇಳಿಯಿತು. ಯಮನೂರ ತನ್ನ ಸಾಲಕ್ಕೆ ಅರ್ಜಿ ಹಾಕಲು ಮತ್ತೂ ನಾಲ್ಕು ತಿಂಗಳು ಹಿಡಿಯಿತು. ಮುನಿಕೃಷ್ಣ ತೋರಿಸಿದ ಎರಡು ಬೆಡ್‌ರೂಮಿನ ಮನೆ ಬಿಟ್ಟು ಒಂದೇ ಕೋಣೆಯ ಮನೆಗೆ ಹೂಂ ಅಂದ. ಮೂವತ್ತು ವರ್ಷ ಬಿಟ್ಟು ಹನ್ನೆರಡು ವರ್ಷದ ಸಾಲ ಕೇಳಿದ. ಬಡ್ಡಿ ಏರಿದರೆ ಕಂತು ಏರಲಿ, ವರ್ಷ ಮುಟ್ಟಬಾರದೆಂದು ಮೊದಲೇ ಬರೆದುಕೊಡಬೇಕೆಂದು ಹಟ ಹಿಡಿದ. ಹನ್ನೆರಡೇ ಯಾಕಪ್ಪಾ ಎಂದು ಕೇಳಿದೆ. ಕೂತಲ್ಲೇ ಎರಡೂ ಮೊಣಕಾಲು ಸವರಿಕೊಂಡು, "ಇವು ಅಲ್ಲೀತನಕ ತಡೀತಾವ್ರಿ ಅವ್ವಾರ. ಆಮ್ಯಾಲಿಂದು ನನಗ ಹೇಳಾಕ ಬರಂಗಿಲ್ಲ," ಎಂದ. ಮಹಾದೇವಿ ಆ ದಿನ ಗಂಡನನ್ನು ಹಂಗಿಸಲಿಲ್ಲ. ಒಳಗೆ ಹೋಗಿ ಎಣ್ಣೆ ಕಾಯಿಸಿ ತಂದಳು.

ಸಂಬಳದ ಚೀಟಿ ಇಲ್ಲದ ಆಳಿಗೆ ಜಾಮೀನು ಬೇಕೆಂದು ಸಾಲ ಕೊಡುವವರು ಕೇಳಿದ್ದಾರೆ. ಮೊನ್ನೆ ಯಮನೂರ ಆ ಕಾಗದದ ಕಟ್ಟು ಹಿಡಿದು ನನ್ನೆದುರು ಬಂದು ನಿಂತ. "ಅವ್ವಾರ, ನನಗ ಜಾಮೀನು ನಿಂದರತೀರೇನ್ರಿ?" ಎಂದು ಕೇಳಿದ. ಹೂಂ ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎದೆಯೊಳಗೆ ಮಾತ್ರ ಮುದ್ರೆ ಬಿದ್ದ ಒಂದು ಬೀಗ ಸುಳಿಯಿತು. ಯಮನೂರನಂಥವರನ್ನು ನಾವು ಪುಕ್ಕಲರೆಂದು ಆಡಿಕೊಳ್ಳುತ್ತೇವೆ. ಧೈರ್ಯವಂತರು ಕೌಂಟರಿನಲ್ಲಿ ನಿಂತ ನಿಲುವಿನಲ್ಲೇ ಸಹಿ ಹಾಕಿ ಬಂದು ಸಿಹಿ ಹಂಚುತ್ತಾರೆ, ಹೆದರಿಕೆಯನ್ನು ಮನೆಯವರ ಪಾಲಿಗೆ ಬಿಡುತ್ತಾರೆ. ಪುಕ್ಕಲರಾದರೋ ಪಡಬೇಕಾದ ಹೆದರಿಕೆಯನ್ನೆಲ್ಲ ಸಹಿಗೆ ಮುಂಚೆಯೇ ಒಬ್ಬರೇ ಪಟ್ಟು ಮುಗಿಸುತ್ತಾರೆ. ಹೂಂ ಎನ್ನಲು ನಾನು ಬಾಯಿ ತೆರೆದದ್ದನ್ನು ಕಂಡು ಅವನು ಗಾಬರಿಯಿಂದ ಕೈ ಅಡ್ಡ ಹಿಡಿದ.

"ಈಗ ಹೇಳಬ್ಯಾಡ್ರಿ. ನಾ ಕಟ್ಟದಿದ್ರ ಅವರು ಯಾರ ಬಾಗಲಕ್ಕ ಬರ್ತಾರ, ಎಷ್ಟು ವರ್ಷದ ತನಕ ಬರ್ತಾರ, ಎಲ್ಲಾ ಸೌಮ್ಯಕ್ಕನ ಕಡೆ ಓದಿಸ್ರಿ. ಓದಿಸಿದ ಮ್ಯಾಲೂ ನನ್ನ ಮಾರಿ ನೋಡಿ ಹೂಂ ಅನಬ್ಯಾಡ್ರಿ. ಅಂಜಿಕಿ ಬಂದ್ರ ಒಲ್ಲೆ ಅಂದುಬಿಡ್ರಿ ಅವ್ವಾರ. ಇದೊಂದು ನಡಸಿಕೊಡ್ರಿ."