ಗಾಳಿಯ ಗೇಣಿ

"ಎತ್ತೇ ಆ ಡಬ್ಬಾನ! ನಿಮ್ಮಪ್ಪನ ನೆಲ ಅಂದ್ಕೊಂಡ್ಯಾ?"

ಬಾಡಿಗೆ ವಸೂಲಿಯ ಮ್ಯಾನೇಜರ್ ಡ್ವೇನ್ ಇನ್ನೂ ಪಿಕಪ್ ಗಾಡಿಯಿಂದ ಇಳಿದಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಾಯಲ್ಲಿದ್ದ ಡೋನಟ್ಟಿನ ಸಕ್ಕರೆ ಉದುರಿಸುತ್ತ ಅರಚುತ್ತಿದ್ದ. ನಾನು ಮಂಡಿಯೂರಿ, ಮನೆ ಬೆಚ್ಚಗಿಡುವ ಹೀಟ್ ಪಂಪಿನ ಹೊರಗಿನ ಪೆಟ್ಟಿಗೆಯ ಸುತ್ತ ಕಟ್ಟಿಕೊಂಡಿದ್ದ ಹಿಮ ಕೆರೆದು ತೆಗೆಯುತ್ತಿದ್ದೆ. ಹಿಮ ಮುಚ್ಚಿದರೆ ಪೆಟ್ಟಿಗೆಗೆ ಉಸಿರು ಕಟ್ಟುತ್ತದೆ, ಪೆಟ್ಟಿಗೆಗೆ ಉಸಿರು ಕಟ್ಟಿದರೆ ಮನೆಯೊಳಗಿರುವ ನನ್ನ ಗಂಡನಿಗೂ ಕಟ್ಟುತ್ತದೆ.

"ನಮ್ಮಪ್ಪನ್ದಲ್ಲ, ನಿಮ್ಮಪ್ಪನ್ದೂ ಅಲ್ಲ," ಎಂದೆ. "ಫ್ಲಾರಿಡಾದಲ್ಲಿ ಬಿಸ್ಲು ಕಾಯಿಸ್ಕೊಂಡು ಕುಂತವ್ರಲ್ಲ ಕಂಪ್ನಿಯೋರು, ಅವ್ರಪ್ಪನ್ದು."

"ಗೊತ್ತೈತಲ್ಲ ಜಿನೆಟ್? ಮತ್ತೆ ಎತ್ತು. ಶುಕ್ರವಾರದೊಳ್ಗೆ ಎತ್ತು, ಇಲ್ಲಾಂದ್ರೆ ಅದ್ಕೂ ತಿಂಗ್ಳು ತಿಂಗ್ಳು ಬಾಡ್ಗೆ ಕಟ್ಟು. ಕಂಪ್ನಿ ಆರ್ಡರು."

"ಎಲ್ಡು ಕಲ್ಲಿನ ಮೇಲೆ ಕುಂತಿರೋ ಪೆಟ್ಟಿಗೆಗೆ ಬಾಡ್ಗೆಯಾ?"

"ಕಲ್ಲು ಯಾವುದ್ರ ಮೇಲೆ ಕುಂತೈತೆ?" ಎಂದು ನಕ್ಕ. ಮೀಸೆಗೂ ಸಕ್ಕರೆ ಹತ್ತಿತ್ತು.

ಟ್ರೇಲರ್ ಮನೆಗಳ ನಮ್ಮ ಪಾರ್ಕಿನ ಬೋರ್ಡಿನ ಮೇಲೆ 'ಸನ್ನಿ ಪೈನ್ಸ್', ಅಂದರೆ ಬಿಸಿಲಿನ ಪೈನ್ ಮರಗಳು, ಎಂದು ಬರೆದಿದೆ. ಪೈನ್ ಮರಗಳನ್ನು ಕಡಿದೇ ಪಾರ್ಕು ಮಾಡಿದ್ದು. ಸೂರ್ಯನಂತೂ ಅಮೆರಿಕದ ಮೇನ್ ರಾಜ್ಯದ ಈ ಉತ್ತರದ ತುದಿಗೆ ಅಕ್ಟೋಬರಿನಲ್ಲಿ ರಜೆ ಹಾಕಿದರೆ ಏಪ್ರಿಲಿಗೇ ಮುಖ ತೋರಿಸುವವನು. ಇಲ್ಲಿ ಮನೆ ನಮ್ಮದು, ನೆಲ ಕಂಪನಿಯದು. ಲಿಯೊನೆಲ್ ಗರಗಸದ ಮಿಲ್ಲಿನಲ್ಲಿ ಪ್ರಾಯವೆಲ್ಲ ಮರದ ಪುಡಿ ನುಂಗಿ ಕೊಂಡ ಟ್ರೇಲರ್ ಮನೆ ಇದು. ಗಾಲಿಯ ಮೇಲೆ ಬಂದದ್ದು ನಿಜ, ಆದರೆ ಈಗ ಎತ್ತಿ ಬೇರೆಡೆಗೆ ಒಯ್ಯಲು ಹೋದರೆ ಮನೆಯ ಬೆಲೆಗಿಂತ ಎತ್ತುವ ಖರ್ಚೇ ಹೆಚ್ಚು. ಇದು ನಮಗೂ ಗೊತ್ತು, ಕಂಪನಿಗೂ ಗೊತ್ತು. ಅದಕ್ಕೇ ನೆಲಬಾಡಿಗೆ ಏರಿಸುವಾಗ ಅವರ ಕೈ ನಡುಗುವುದಿಲ್ಲ.

ಮಿಲ್ಲು ಲಿಯೊನೆಲ್‌ಗೆ ಮನೆಯ ಜೊತೆ ಕೆಟ್ಟ ಶ್ವಾಸಕೋಶವನ್ನೂ ಕೊಟ್ಟಿತು. ಮೂಗಿಗೆ ಆಕ್ಸಿಜನ್ ನಳಿಗೆ, ಪಕ್ಕದಲ್ಲಿ ಸಿಲಿಂಡರು. ಸೀಮೆಎಣ್ಣೆ ಹೀಟರ್ ಹಚ್ಚಿದರೆ ಹೊಗೆಗೆ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದ, ಆರಿಸಿದರೆ ಚಳಿಗೆ ನೀಲಿಯಾಗುತ್ತಿದ್ದ. ಎರಡರಲ್ಲಿ ಯಾವ ನೀಲಿ ಬೇಕೆಂದು ನಾನು ಚಳಿಗಾಲವಿಡೀ ಆರಿಸುತ್ತ ಕೂರಬೇಕಿತ್ತು. ಆಗಲೇ ಹೀಟ್ ಪಂಪಿಗೆ ಸರ್ಕಾರದ ಸಹಾಯಧನ ಸಿಗುವ ಸುದ್ದಿ ಬಂದದ್ದು. ಗೋಡೆಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ಮನೆ ತುಂಬ ತಗಡಿನ ಕೊಳವೆ ಎಳೆಯುವ ಗೋಜಿಲ್ಲ, ಹೊಗೆಯಿಲ್ಲ. ತೀರ ಬಡವರಿಗೆ ಪೂರ್ತಿ ಖರ್ಚು, ಅರೆಬಡವರಿಗೆ ಅರ್ಧ, ಉಳ್ಳವರಿಗೂ ಬೇಜಾರಾಗದಿರಲೆಂದು ಅಷ್ಟಿಷ್ಟು.

ಉಳ್ಳವರೇ ಮೊದಲು ಓಡಿದರು. ಸರೋವರದ ದಂಡೆಯ ಬೇಸಿಗೆ ಮನೆಯವರು ದೋಣಿ ನಿಲ್ಲಿಸುವ ಕೊಠಡಿಗೂ ಹಾಕಿಸಿಕೊಂಡರು. ದೋಣಿಗೆ ನೆಗಡಿಯಾಗಬಾರದಲ್ಲ.

ನಮ್ಮ ಪಾಳಿ ಬಂದಾಗ ಸಹಾಯಧನದ ಕಚೇರಿಯಿಂದ ಮಿಸೆಸ್ ವಿಟ್‌ಕಂಬ್ ಎಂಬಾಕೆ ಬಂದಳು. ಬೂಟಿಗೆ ಕೆಸರು ತಾಗದಂತೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ಮನೆಯನ್ನು ಒಂದು ಸುತ್ತು ಹಾಕಿ ನೋಡಿದಳು.

"ಇದು ಮನೇನಾ, ವಾಹನಾನಾ?"

"ಮನೆ ಅಮ್ಮಾ. ಒಳಗೆ ಒಲೆ ಐತೆ, ಹಾಸ್ಗೆ ಐತೆ, ಗಂಡ ಅವ್ನೆ."

"ನಮ್ಮ ಪ್ರಕಾರ ಗಾಲಿ ಇದ್ರೆ ವಾಹನ. ವಾಹನಕ್ಕೆ ಸಹಾಯಧನ ಬರಲ್ಲ. ಗಾಲಿ ಇಲ್ಲ ಅಂತ ನಾನು ಕಣ್ಣಾರೆ ನೋಡ್ಬೇಕು."

ಆಕೆ ಬಗ್ಗಲಿಲ್ಲ. ನಾನೇ ಹೊಟ್ಟೆಯ ಮೇಲೆ ತೆವಳಿ ಮನೆಯಡಿಗೆ ನುಗ್ಗಿದೆ. ಇಲಿ ಹಿಕ್ಕೆ, ಒದ್ದೆ ಮಣ್ಣು, ಸತ್ತ ಬೆಕ್ಕಿನ ಮೂಳೆ. ಗಾಲಿ ಬಿಚ್ಚಿ ಯಾವುದೋ ಕಾಲವಾಗಿತ್ತು. ಖಾಲಿ ಅಚ್ಚಿನ ಮೇಲೆ ಟಾರ್ಚು ಬಿಟ್ಟು, "ಕಾಣ್ತಾ ಅಮ್ಮಾ?" ಎಂದು ಕೂಗಿದೆ. "ಇನ್ನೂ ಸ್ವಲ್ಪ ಒಳಗೆ ಹೋಗಿ," ಎಂದಳು. ಹೋದೆ. ಆಲೂಗಡ್ಡೆ ಶೆಡ್ಡಿನಲ್ಲಿ ದಿನವಿಡೀ ಕೊಳೆತದ್ದನ್ನು ಆರಿಸುವವಳಿಗೆ ಮಣ್ಣೇನು ಹೊಸದಲ್ಲ, ಆದರೆ ಅಂದು ಹೊಟ್ಟೆ ಉರಿದ ಹಾಗೆ ಎಂದೂ ಉರಿದಿರಲಿಲ್ಲ.

ಯಂತ್ರ ಬಂತು. ಮೊದಲ ದಿನ ಲಿಯೊನೆಲ್ ಬನಿಯನ್ನಿನಲ್ಲಿ ಕುಳಿತು ಬೀನ್ಸ್ ತಿಂದ. ಕೆಮ್ಮದೆ ಒಂದು ಇಡೀ ತಟ್ಟೆ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಆ ಕಡೆ ತಿರುಗಿ ಅತ್ತೆ.

ಮಿಸೆಸ್ ವಿಟ್‌ಕಂಬ್ ಮತ್ತೆ ಬಂದಳು, ಈ ಸಲ ಕ್ಯಾಮೆರಾದವನ ಜೊತೆ. ಬಡವರ ಸಂತೋಷದ ಫೋಟೋ ಬೇಕಿತ್ತಂತೆ. ಲಿಯೊನೆಲ್‌ನನ್ನು ಹೊರಗಿನ ಪೆಟ್ಟಿಗೆಯ ಪಕ್ಕ ನಿಲ್ಲಿಸಿದರು.

"ಆ ಟ್ಯೂಬ್ ಒಂದ್ನಿಮಿಷ ತೆಗೀರಿ. ನೋಡೋರಿಗೆ ಬೇಜಾರಾಗತ್ತೆ."

ತೆಗೆದ. ನಗು ಎಂದಳು, ನಕ್ಕ. ಇನ್ನೊಂದು ಎಂದಳು, ಇನ್ನೊಮ್ಮೆ ನಕ್ಕ. ತುಟಿ ಬಣ್ಣ ಕೆಡುವವರೆಗೂ ನಗಿಸಿದರು. ಆ ಚಿತ್ರ ಊರಿಂದೂರಿಗೆ ಹೋಯಿತು. ಫ್ಲಾರಿಡಾದಲ್ಲಿ ಕಂಪನಿಯವರೂ ನೋಡಿದರು. ಅವರಿಗೆ ಲಿಯೊನೆಲ್ ಕಾಣಲಿಲ್ಲ, ನಗು ಕಾಣಲಿಲ್ಲ. ತಮ್ಮ ನೆಲದ ಮೇಲೆ ಪುಕ್ಕಟೆ ಕುಳಿತ ಒಂದು ಪೆಟ್ಟಿಗೆ ಕಂಡಿತು. ಡ್ವೇನ್ ಅಂದು ಡೋನಟ್ ತಿನ್ನುತ್ತ ಬಂದದ್ದು ಅದಕ್ಕೇ.

ಅವನು ಹೋದ ಮೇಲೆ ಸಹಾಯಧನದ ಕಚೇರಿಗೆ ಫೋನು ಮಾಡಿದೆ.

"ಅಯ್ಯೋ, ತೆಗೀಬೇಡಿ ಇವ್ರೇ," ಎಂದಳು ಮಿಸೆಸ್ ವಿಟ್‌ಕಂಬ್. "ಈಗ್ಲೇ ತೆಗೆದ್ರೆ ಸಹಾಯಧನ ಪೂರ್ತಿ ವಾಪಸ್ ಕಟ್ಟಬೇಕಾಗತ್ತೆ. ನಿಯಮ."

"ಇಟ್ಕೊಂಡ್ರೆ ಅವ್ರಿಗೆ ಬಾಡ್ಗೆ ಕಟ್ಬೇಕು. ನೆಲಬಾಡ್ಗೆಗೇ ನನ್ನ ಅರ್ಧ ಕೂಲಿ ಹೋಗ್ತೈತೆ. ಇದ್ಕೇನಾದ್ರೂ ಸಹಾಯಧನ ಐತಾ?"

"ಅದು ಬೇರೆ ಇಲಾಖೆ."

"ಯಾವ ಇಲಾಖೆ?"

"ಇನ್ನೂ ಶುರುವಾಗಿಲ್ಲ," ಎಂದು ಫೋನಿಟ್ಟಳು.

ಪಕ್ಕದ ಮನೆಯ ಒಜೀತ್ ಎಲ್ಲ ಕೇಳಿಸಿಕೊಂಡಿದ್ದಳು. ಎಂಬತ್ತು ದಾಟಿದ ಮುದುಕಿ, ಇಡೀ ಪಾರ್ಕಿಗೆ ಅಜ್ಜಿ. ನಮ್ಮ ಕಡೆಯ ಫ್ರೆಂಚಿನಲ್ಲಿ ಎಲ್ಲರೂ ಮೆಮೇರ್ ಎಂದೇ ಕರೆಯುತ್ತೇವೆ. ಅವಳ ಮನೆಗೂ, ಇನ್ನೂ ಹತ್ತಾರು ಮನೆಗೂ ಯಂತ್ರ ಬರುವುದಿತ್ತು. ನಮ್ಮದು ಬಿದ್ದರೆ ಎಲ್ಲರದೂ ಬಿದ್ದಂತೆಯೇ.

"ನೆಲ ತಾನೆ ಆ ಲೋಫರ್ ನನ್ಮಕ್ಳದ್ದು?" ಎಂದಳು. "ಗೋಡೆ ಯಾರ್ದು?"

"ನಮ್ದು ಮೆಮೇರ್."

"ನೇತಾಕು ಗೋಡೆಗೆ."

ಅವಳ ಗಂಡ ಬಿಟ್ಟುಹೋದ ಆಲೂಗಡ್ಡೆ ಕೀಳುವ ಯಂತ್ರದ ಕಬ್ಬಿಣದಲ್ಲಿ ಆಸರೆ ಮಾಡಿದೆವು. ಶೆಡ್ಡಿನ ಹೆಂಗಸರು ಬಂದು ಹೆಗಲು ಕೊಟ್ಟರು. ಒಳಗಿನ ಪೆಟ್ಟಿಗೆಗೆ ಹೋಗುವ ತಾಮ್ರದ ನಳಿಗೆ ಮುರಿಯದ ಹಾಗೆ, ಹಸುಗೂಸು ಎತ್ತಿದಂತೆ ಪೆಟ್ಟಿಗೆಯನ್ನು ಮೇಲೆತ್ತಿ ಗೋಡೆಗೆ ಬಿಗಿದೆವು. ಚಾಲೂ ಮಾಡಿದರೆ ಮನೆಯೆಲ್ಲ ಗಡಗಡ, ಅಲಮಾರಿನಲ್ಲಿ ತಟ್ಟೆಗಳು ಒಂದಕ್ಕೊಂದು ಮಾತಾಡತೊಡಗಿದವು.

"ಮಿಲ್ಲಿಗೆ ವಾಪಸ್ ಹೋದಂಗಾಯ್ತು ಕಣೇ," ಎಂದ ಲಿಯೊನೆಲ್. "ಸಂಬ್ಳ ಒಂದು ಬರಂಗಿಲ್ಲ."

ಶುಕ್ರವಾರ ಡ್ವೇನ್ ಬಂದ. ಪೆಟ್ಟಿಗೆಯ ಕೆಳಗೆ ಬೂಟುಕಾಲು ಆಡಿಸಿ ನೋಡಿದ. ಆ ಕಡೆಯಿಂದ ಈ ಕಡೆಗೆ ಸರಾಗ ಹೋಯಿತು. ಅವನ ಮುಖ ನೋಡಬೇಕಿತ್ತು. ಪಿಕಪ್ಪಿನಲ್ಲಿ ಕುಳಿತು ಕಂಪನಿಗೆ ಫೋನು ಹಚ್ಚಿ ಬಹಳ ಹೊತ್ತು ಹೂಂ ಹೂಂ ಎಂದ. ಇಳಿದು ಬಂದಾಗ ಕಂಠಪಾಠ ಒಪ್ಪಿಸುವವನಂತೆ ನಿಂತುಕೊಂಡ.

"ಈ ಮಿಶನ್ನು ಬಿಸೀನ ಎಲ್ಲಿಂದ ತರ್ತೈತೆ?"

"ಹೊರಗಿನ ಗಾಳಿಯಿಂದ. ಅಷ್ಟು ಚಳೀಲೂ ಒಂಚೂರು ಬಿಸಿ ಇರ್ತೈತಂತೆ, ಅದ್ನೇ ಹೀರಿ ಒಳಗೆ ಬಿಡ್ತೈತಂತೆ," ಎಂದೆ.

"ಹಾಂ! ಹೊರಗಿನ ಗಾಳಿ. ಅದು ಯಾರ ನೆಲದ ಮೇಲೆ ನಿಂತೈತೆ?"

ಒಜೀತ್ ತನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಏನಂದೆ? ಇನ್ನೊಂದ್ಸಲ ಅನ್ನು."

"ಕಂಪ್ನಿ ನೆಲದ ಮೇಲಿನ ಗಾಳಿ ಕಂಪ್ನೀದು. ಅದ್ರಿಂದ ಬಿಸಿ ತೆಗೆಯೋದು ಕಂಪ್ನಿ ಸ್ವತ್ತು ತೆಗ್ದಂಗೆ. ಗಾಳಿಗೆ ಬಾಡ್ಗೆ ಕಟ್ಟಿ, ಇಲ್ಲಾ ಸೋಮವಾರ ನಾನೇ ಬಂದು ನಳಿಗೆ ಕತ್ತರಿಸ್ತೀನಿ."

"ನಮ್ಮೂರ ಜನವರಿ ಗಾಳೀಲಿ ಬಿಸಿ ಕದ್ದ ಕಳ್ಳೀರು ನಾವು!" ಒಜೀತ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. "ಲೋ ಡ್ವೇನಾ, ನೀನು ಹುಟ್ಟಿದಾಗ ನಿಮ್ಮವ್ವನ ಕಾಲ್ದೆಸೆ ನಿಂತು ನಿನ್ನ ಈಚೆಗೆ ಎಳ್ದೋಳು ನಾನು. ಮೊದಲನೇ ಉಸಿರಿಗೆ ಬಾಡ್ಗೆ ಕಟ್ಟಿದ್ಯೇನ್ಲಾ, ಹಲ್ಕಾ ನನ್ಮಗ್ನೆ?"

ಅವನ ಕಿವಿ ಕೆಂಪಾಯಿತು. "ನಂಗೂ ಹೊಟ್ಟೆ ಐತೆ ಮೆಮೇರ್," ಎಂದಷ್ಟೇ ಹೇಳಿ ಗಾಡಿ ಹತ್ತಿದ. ಅದು ಸುಳ್ಳಲ್ಲ. ಅವನೂ ಇದೇ ಪಾರ್ಕಿನ ಕೊನೆಯ ಸಾಲಿನ ಟ್ರೇಲರಿನಲ್ಲಿ ಬೆಳೆದವನು. ಅದಕ್ಕೇ ನನಗೆ ಅವನ ಮೇಲೆ ಕಂಪನಿಗಿಂತ ಹೆಚ್ಚು ಸಿಟ್ಟು.

ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಬಂದವಳೇ ಒಜೀತ್ ಕೋಟು ಕೂಡ ಬಿಚ್ಚದೆ ನಮ್ಮನೆಗೆ ನುಗ್ಗಿದಳು. ಕಸದ ಕರೀ ಚೀಲವೊಂದನ್ನು ಕೊಡವಿ, ಒಳಗಿನ ಪೆಟ್ಟಿಗೆಯ ಬಾಯಿಗೆ ಒಡ್ಡಿ ಹಿಡಿದಳು. ಚೀಲ ಬಿಸಿಗಾಳಿ ಕುಡಿದು ಬಸುರಿಯಂತೆ ಉಬ್ಬಿತು. ಬಾಯಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡಳು.

"ಇದೇನು ಮೆಮೇರ್?"

"ಗೇಣಿ. ಗಾಳಿ ತಗೊಂಡಿದ್ದಕ್ಕೆ ಗಾಳಿ. ಕಾಯಿಸಿ ಬೇರೆ ಕೊಡ್ತಾ ಇದೀವಿ, ಅದು ಬಡ್ಡಿ."

ಮುದುಕಿ ಚೀಲ ಹೊತ್ತು ಪಾರ್ಕಿನ ನಡುವೆ ನಡೆದದ್ದನ್ನು ಎಲ್ಲರೂ ನೋಡಿದರು. ಡ್ವೇನ್‌ನ ಕಚೇರಿಯ ಮೆಟ್ಟಿಲ ಮೇಲೆ ಇಟ್ಟು, ಬಾಗಿಲಿಗೆ ಕೈಮುಗಿದು ಬಂದಳು. ಹಿಂದೆಯೇ ನಾನು ಹೋದೆ. ನನ್ನ ಹಿಂದೆ ಶೆಡ್ಡಿನ ಹೆಂಗಸರು, ಅವರ ಹಿಂದೆ ಅವರ ಗಂಡಂದಿರು, ಚರ್ಚಿನ ಕೋಟು ಟೋಪಿಯಲ್ಲೇ. ಅವರ ಮನೆಗಳಿಗೆ ಇನ್ನೂ ಯಂತ್ರ ಬಂದಿರಲಿಲ್ಲ, ಬಾಯಿಂದ ಊದಿ ತಂದರು. ಬೀನ್ಸ್ ಕಾಳು ತಿಂದಿದ್ದವನೊಬ್ಬ ತನ್ನ ಗೇಣಿ ಬೇರೆ ದಾರಿಯಿಂದ ತುಂಬಿಸಿದ್ದೇನೆ ಎಂದ. ಎಷ್ಟೋ ವರ್ಷಗಳ ಮೇಲೆ ಈ ಪಾರ್ಕಿನಲ್ಲಿ ಜನ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು. ಸಂಜೆಗೆ ಕಚೇರಿಯ ಬಾಗಿಲೇ ಕಾಣದಷ್ಟು ಕರೀ ಚೀಲಗಳು.

ಸೋಮವಾರ ಬೆಳಿಗ್ಗೆ ಡ್ವೇನ್ ಆ ರಾಶಿಯನ್ನು ಒದ್ದು ತುಳಿದು ಬಂದಿದ್ದ. ಪ್ಯಾಂಟಿಗೆ ಚೀಲದ ಚೂರು ಅಂಟಿತ್ತು. ಕೈಯಲ್ಲಿ ಉದ್ದ ಹಿಡಿಯ ಕಬ್ಬಿಣದ ಕತ್ತರಿ. ನಾನು, ಒಜೀತ್, ಶೆಡ್ಡಿನ ಹೆಂಗಸರು ಕಾದು ನಿಂತಿದ್ದೆವು. ಯಾರ ಮುಖವನ್ನೂ ನೋಡದೆ ನೇರ ಗೋಡೆಯ ಪೆಟ್ಟಿಗೆಯ ಬಳಿ ಹೋದ. ಮೂಗಿನೊಳಗಿನ ಕೂದಲು ಗಟ್ಟಿಯಾಗುವ ಚಳಿ. ತಾಮ್ರದ ನಳಿಗೆ ತುಂಡಾದರೆ ಮಧ್ಯಾಹ್ನದೊಳಗೆ ಮನೆ ತಣ್ಣಗಾಗುತ್ತದೆ. ರಾತ್ರಿಗೆ ಏನಾಗುತ್ತದೆಂದು ನಾನು ಯೋಚಿಸಲಿಲ್ಲ, ಯೋಚಿಸಲು ಧೈರ್ಯವಿರಲಿಲ್ಲ.

"ಮುಟ್ಟಿದ್ರೆ ಕೈ ಕಡೀತೀನಿ ಬೋಳಿಮಗ್ನೆ," ಎಂದು ಅಡ್ಡ ನಿಂತೆ.

"ಸರಿಯೇ ಅತ್ಲಾಗೆ. ಪೊಲೀಸ್ರನ್ನ ಕರೀಲಾ?"

ಬಾಗಿಲು ತೆರೆಯಿತು. ಲಿಯೊನೆಲ್ ಚಪ್ಪಲಿಗಾಲಲ್ಲೇ ಸಿಲಿಂಡರಿನ ಗಾಡಿ ಎಳೆದುಕೊಂಡು ಹೊರಗೆ ಬಂದ. ಕೈಯಲ್ಲಿ ಬ್ರೆಡ್ಡಿನ ಖಾಲಿ ಚೀಲ.

"ಒಳಕ್ಕೋಗೋ ಮುದ್ಕಾ, ಸತ್ತೀಯ," ಎಂದ ಡ್ವೇನ್.

ಲಿಯೊನೆಲ್ ಮೂಗಿನ ನಳಿಗೆ ತೆಗೆದ. ಈ ಸಲ ಯಾರೂ ತೆಗೆ ಎಂದಿರಲಿಲ್ಲ. ಚೀಲದ ಬಾಯನ್ನು ತುಟಿಗೆ ಒತ್ತಿ ಊದಿದ. ಒಂದು ಊದು, ಆಮೇಲೆ ಕೆಮ್ಮು. ನಾನು ಕೈ ಹಿಡಿಯಹೋದರೆ ಮೊಣಕೈಯಿಂದ ತಳ್ಳಿದ. ಮತ್ತೆ ಊದಿದ. ಕತ್ತಿನ ನರಗಳು ಹಗ್ಗದಂತೆ ಎದ್ದವು. ಒಜೀತ್ ಬಾಯಿಗೆ ಶಾಲು ಒತ್ತಿಕೊಂಡಳು. ಯಾರೂ ನಗಲಿಲ್ಲ. ಚೀಲ ಅರ್ಧಕ್ಕೆ ಉಬ್ಬುವ ಹೊತ್ತಿಗೆ ಅವನ ತುಟಿ ನೀಲಿಯಾಗಿತ್ತು. ಬಾಯಿ ತಿರುಚಿ ಗಂಟು ಹಾಕಿ ಡ್ವೇನ್‌ನ ಎದೆಗೆ ಹಿಡಿದ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಡ್ವೇನ್ ಒಂದು ಕೈ ಚಾಚಿ ಅದನ್ನು ಇಸಿದುಕೊಂಡುಬಿಟ್ಟಿದ್ದ.

"ಇದು ಮಿಶನ್ನಿನ್ದಲ್ಲ," ಎಂದ ಲಿಯೊನೆಲ್, ಒಂದೊಂದು ಮಾತಿಗೂ ನಿಂತು. "ನನ್ದು. ನಿಮ್ ನೆಲದ್ ಮೇಲೆ... ಎಳ್ಕೊಂಡಿದ್ದು. ಜಮಾ ಮಾಡ್ಕೊ."

ನಾನು ಅವನ ಮೂಗಿಗೆ ನಳಿಗೆ ಸಿಕ್ಕಿಸಿ ತೋಳಿಗೆ ಒರಗಿಸಿಕೊಂಡೆ. ಗೋಡೆಯ ಮೇಲೆ ಪೆಟ್ಟಿಗೆ ಗಡಗಡ ಎನ್ನುತ್ತಲೇ ಇತ್ತು. ಡ್ವೇನ್ ಅಲ್ಲಾಡಲಿಲ್ಲ. ಆ ಕತ್ತರಿಗೆ ಎರಡೂ ಕೈ ಬೇಕು. ಅವನ ಒಂದು ಕೈಯಲ್ಲಿ ನನ್ನ ಗಂಡನ ಉಸಿರಿತ್ತು. ಅವನು ಚೀಲವನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ.

"ಚೀಲ ಕೆಳಗಿಡು," ಎಂದೆ. "ಇಡೋ, ನೋಡಾಣ. ನೆಲ ನಿಮ್ದೇ ಅಲ್ವಾ?"